‘ಈಟ್’ ಒಂದೇ ಸಾಲದು: ತಿನ್ನುವ ಕ್ರಿಯೆಗೆ ತಕ್ಕ ಇಂಗ್ಲಿಷ್ ಪದವನ್ನು ಆರಿಸುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದ ಆಹ್ವಾನ ಪತ್ರಿಕೆಯನ್ನು ಇಂಗ್ಲಿಷಿಗೆ ತಿರುಗಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕನ್ನಡದ ಕೊನೆಯ ಸಾಲು ‘ಭೋಜನ ಸ್ವೀಕರಿಸಿ ಹರಸಬೇಕು’ ಎಂದಿತ್ತು. ‘ಈಟ್’ ಎಂದು ಬರೆದರೆ ಗೌರವ ಕಡಿಮೆಯಾಗುತ್ತದೆಂದು ಭಾವಿಸಿ, ನಿಘಂಟಿನಲ್ಲಿ ಅದಕ್ಕಿಂತ ತೂಕವಾಗಿ ಕಂಡ ‘ಕನ್ಸ್ಯೂಮ್’ ಎಂಬ ಪದವನ್ನು ಆರಿಸಿ ಬರೆದುಕೊಟ್ಟೆ. ಪತ್ರಿಕೆ ಅಚ್ಚಾಗಿ ಬಂದ ಮೇಲೆ ಅದನ್ನು ಓದಿದ ಹಿರಿಯರೊಬ್ಬರು, “ಊಟಕ್ಕೆ ಕರೆದಿದ್ದೀರೋ, ಕರೆಂಟ್ ಬಿಲ್ಲು ಬರೆದಿದ್ದೀರೋ?” ಎಂದು ಕೇಳಿದರು. ಅರ್ಥದಲ್ಲಿ ತಪ್ಪಿರಲಿಲ್ಲ, ಆದರೆ ಆ ಪದ ಊಟದ ಎಲೆಯ ಮುಂದೆ ಕೂರುವಂಥದ್ದಾಗಿರಲಿಲ್ಲ. ಆಮೇಲೆ ಇತರರ ಅನುವಾದಗಳನ್ನು ತಿದ್ದುವ ಕೆಲಸ ಬಂದಾಗಲೂ ಇದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದವು. ಅವುಗಳನ್ನು ತಪ್ಪಿಸಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ವಿವರಿಸಿದ್ದೇನೆ.

ಹೆಜ್ಜೆಗಳಿಗೆ ಮೊದಲು ಒಂದು ಮಾತನ್ನು ಗಮನಿಸಬೇಕು. ತಿನ್ನುವ ರೀತಿಯನ್ನು ಹೇಳುವಾಗ ನಾವು ಕನ್ನಡದಲ್ಲಿ ಅದನ್ನು ಹೆಚ್ಚಾಗಿ ಕ್ರಿಯಾಪದದ ಹೊರಗಡೆ ಇಡುತ್ತೇವೆ: ಗಬಗಬನೆ ತಿಂದ, ಕುರುಂಕುರುಂ ಎಂದು ತಿಂದ, ಚೂರುಚೂರೇ ತಿಂದ, ಬಾಯಿ ಚಪ್ಪರಿಸಿಕೊಂಡು ತಿಂದ. ನುಂಗು, ಮುಕ್ಕು, ಮೆಲ್ಲು, ಕಬಳಿಸು ಮುಂತಾದ ಪದಗಳು ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ದಿನದ ಮಾತಿನಲ್ಲಿ ಅನುಕರಣ ಪದವೇ ಬಣ್ಣ ತುಂಬುತ್ತದೆ, ‘ತಿಂದ’ ಎಂಬುದು ಬಿಳಿ ಗೋಡೆಯಂತೆ ಹಿಂದೆ ನಿಂತಿರುತ್ತದೆ. ಇಂಗ್ಲಿಷ್ ಆ ‘ಗಬಗಬ’ವನ್ನೇ ಕ್ರಿಯಾಪದದ ಒಳಗೆ ಸೇರಿಸಿಬಿಡುತ್ತದೆ, ‘ಗಾಬಲ್’ ಎಂದರೆ ಗಬಗಬವೂ ಹೌದು, ತಿಂದದ್ದೂ ಹೌದು. ಆದ್ದರಿಂದ ನಿಘಂಟಿನಲ್ಲಿ ‘ತಿನ್ನು’ ಎಂಬ ಪದಕ್ಕೆ ಸಮಾನ ಪದ ಹುಡುಕುವುದನ್ನು ಬಿಟ್ಟು, ‘ತಿಂದ’ ಎಂಬುದರ ಹಿಂದಿರುವ ಪದವನ್ನೂ ಸೇರಿಸಿಕೊಂಡು ಆ ಜೋಡಿಗೆ ಒಂದು ಪದವನ್ನು ಹುಡುಕಬೇಕು. ಅದು ಸಿಕ್ಕ ಮೇಲೆ ‘ವೇಗವಾಗಿ’ ಎಂಬ ಕ್ರಿಯಾವಿಶೇಷಣವನ್ನು ಮತ್ತೆ ಪಕ್ಕಕ್ಕೆ ಅಂಟಿಸಿದರೆ ಅದು ಪುನರುಕ್ತಿಯಾಗುತ್ತದೆ.

ಹೆಜ್ಜೆ 1: ಹೊತ್ತಿನ ಮಾತೋ, ಬಾಯಿಯ ಮಾತೋ ಎಂದು ನಿರ್ಧರಿಸಿ

‘ಊಟ ಆಯಿತೇ?’ ಎಂಬ ಪ್ರಶ್ನೆಗೂ ‘ಮಾವಿನಹಣ್ಣು ತಿಂದೆಯಾ?’ ಎಂಬ ಪ್ರಶ್ನೆಗೂ ವ್ಯತ್ಯಾಸವಿದೆ. ಮೊದಲನೆಯದು ಹೊತ್ತಿನ ಬಗ್ಗೆ, ಎರಡನೆಯದು ಪದಾರ್ಥದ ಬಗ್ಗೆ ಕೇಳುತ್ತದೆ. ಹೊತ್ತಿನ ಮಾತಿಗೆ ಇಂಗ್ಲಿಷಿನಲ್ಲಿ ಸಹಜವಾಗಿ ಬರುವ ಕ್ರಿಯಾಪದ ‘ಹ್ಯಾವ್’. ‘ಹ್ಯಾವ್ ಯು ಹ್ಯಾಡ್ ಲಂಚ್?’ ಎಂಬುದು ‘ಊಟ ಆಯಿತೇ?’ ಎಂಬುದರ ನಿಜವಾದ ಜೊತೆಗಾರ. ‘ಈಟ್ ಲಂಚ್’ ಎಂದರೆ ತಪ್ಪಲ್ಲ, ಆದರೆ ಗಮನ ಸ್ವಲ್ಪ ಬಾಯಿಯ ಕಡೆಗೆ ಸರಿಯುತ್ತದೆ. ನಮ್ಮಲ್ಲಿ ಬಹಳ ಕೇಳಿಬರುವ ‘ಟೇಕ್ ಫುಡ್’ ಎಂಬ ಪ್ರಯೋಗವು ‘ಊಟ ತಗೊಳ್ಳಿ’ ಎಂಬುದರ ನೇರ ನೆರಳು. ಹೊರಗಿನವರ ಕಿವಿಗೆ ಅದು ಔಷಧದ ವಾಸನೆ ಹೊಡೆಯುತ್ತದೆ. ‘ಟೇಕ್’ ಎಂಬ ಪದವನ್ನು ಮಾತ್ರೆ, ಟಾನಿಕ್, ಕಷಾಯಗಳಿಗೆ ಉಳಿಸಿಕೊಳ್ಳಿ. ಕನ್ನಡದಲ್ಲಿ ಮಾತ್ರೆಯನ್ನು ತಿನ್ನಬಹುದು, ನುಂಗಬಹುದು, ಸೇವಿಸಬಹುದು; ಇಂಗ್ಲಿಷಿನಲ್ಲಿ ‘ಈಟ್’ ಮಾಡುವಂತಿಲ್ಲ.

ಇಲ್ಲಿ ಕನ್ನಡಿಗರಿಗೆ ಎದುರಾಗುವ ತೊಡಕೊಂದಿದೆ. ನಾಲ್ಕು ಇಡ್ಲಿ, ಒಂದು ವಡೆ, ಅದರ ಮೇಲೊಂದು ಮಸಾಲೆ ದೋಸೆ ಮುಗಿಸಿದವರನ್ನು ‘ಊಟ ಆಯಿತೇ?’ ಎಂದು ಕೇಳಿದರೆ, ‘ಇಲ್ಲ, ಬರೀ ತಿಂಡಿ ಆಯಿತು’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ, ಏಕೆಂದರೆ ಅನ್ನವೋ ಮುದ್ದೆಯೋ ರೊಟ್ಟಿಯೋ ಎಲೆಗೆ ಬೀಳದೆ ನಮ್ಮಲ್ಲಿ ಅದು ಊಟವಾಗುವುದಿಲ್ಲ. ಇಂಗ್ಲಿಷಿನ ‘ಮೀಲ್’ ಎಂಬ ಪದಕ್ಕೆ ಈ ಕಟ್ಟಳೆ ಇಲ್ಲ; ಹೊತ್ತಿಗೆ ಸರಿಯಾಗಿ ಕುಳಿತು ಹೊಟ್ಟೆ ತುಂಬ ತಿಂದದ್ದೆಲ್ಲ ‘ಮೀಲ್’, ಅದರಲ್ಲಿ ಇಡ್ಲಿಯೂ ಸೇರುತ್ತದೆ. ಹೋಟೆಲಿನ ಮುಂದಿನ ‘ಮೀಲ್ಸ್ ರೆಡಿ’ ಎಂಬ ಫಲಕದಲ್ಲಿರುವ ‘ಮೀಲ್ಸ್’ ನಮ್ಮ ಊರಿನ ಪದ, ಅದರ ಅರ್ಥ ಅನ್ನದ ಊಟ. ಹಾಗಾಗಿ ‘ಊಟ ಮಾಡಿಲ್ಲ, ತಿಂಡಿ ತಿಂದಿದ್ದೇನೆ’ ಎಂಬ ವಾಕ್ಯವನ್ನು ‘ಐ ಹ್ಯಾವಂಟ್ ಈಟನ್’ ಎಂದು ಅನುವಾದಿಸಿದರೆ ಅದು ಸುಳ್ಳಾಗುತ್ತದೆ. ‘ಬ್ರೇಕ್‌ಫಾಸ್ಟ್ ಆಗಿದೆ, ಲಂಚ್ ಆಗಿಲ್ಲ’ ಎಂದು ಹೊತ್ತಿನ ಹೆಸರು ಹಿಡಿದು ಹೇಳಬೇಕು.

ಹೊತ್ತಿನ ಹೆಸರುಗಳೂ ಒಂದೆಡೆ ನಿಂತವಲ್ಲ. ‘ಡಿನ್ನರ್’ ಎಂದರೆ ದಿನದ ಮುಖ್ಯ ಊಟ; ಒಂದು ಕಾಲಕ್ಕೆ ಅದು ಮಧ್ಯಾಹ್ನದ್ದಾಗಿತ್ತು, ಕ್ರಮೇಣ ಸಂಜೆಗೆ ಜಾರಿತು. ಉತ್ತರ ಇಂಗ್ಲೆಂಡಿನ ಕೆಲವು ಕಡೆ ಇಂದಿಗೂ ಮಧ್ಯಾಹ್ನದ್ದು ‘ಡಿನ್ನರ್’, ಸಂಜೆಯ ಊಟ ‘ಟೀ’. ಅಲ್ಲಿಯವರು ಟೀಗೆ ಕರೆದರೆ ಮನೆಯಲ್ಲಿ ಊಟ ಮುಗಿಸಿಕೊಂಡು ಹೋಗಬಾರದು. ‘ಬ್ರಂಚ್’ ಎಂಬುದು 1895ರಲ್ಲಿ ಗೈ ಬೆರಿಂಜರ್ ಎಂಬ ಲೇಖಕ ಭಾನುವಾರದ ತಡವಾದ ಉಪಾಹಾರದ ಪರವಾಗಿ ಬರೆದ ಲೇಖನದಿಂದ ಪ್ರಚಾರಕ್ಕೆ ಬಂದ ಪದ. ‘ಟಿಫಿನ್’ ಬ್ರಿಟಿಷರು ಭಾರತದಲ್ಲಿ ಬೆಳೆಸಿ ಇಲ್ಲಿಯೇ ಬಿಟ್ಟುಹೋದದ್ದು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಹೆಸರಿನಲ್ಲಿ ಅದು ಸುಖವಾಗಿದೆ, ಆದರೆ ಲಂಡನ್ನಿನವರಿಗೆ ಬರೆಯುವ ಪತ್ರದಲ್ಲಿ ತಿಂಡಿಗೆ ಅದನ್ನು ಬಳಸಿದರೆ ವಿವರಣೆ ಕೊಡಬೇಕಾಗುತ್ತದೆ.

‘ಡೈನ್’ ಎಂಬುದು ಊಟಕ್ಕೆ ಪಂಚೆ ಉಟ್ಟು ಶಲ್ಯ ಹೊದ್ದು ಕೂರುವ ಪದ. ಮನೆಯಲ್ಲಿ ನೆಲದ ಮೇಲೆ ಕುಳಿತು ಮೊಸರನ್ನ ಕಲಸಿಕೊಂಡವರು ‘ಡೈನ್’ ಮಾಡಲಿಲ್ಲ. ಅತಿಥಿಗಳೊಡನೆ, ಮೇಜಿನ ಮುಂದೆ, ಸಾವಕಾಶವಾಗಿ ಸಂಜೆ ಕಳೆದವರು ಮಾಡಿದರು. ತಮಾಷೆಯೆಂದರೆ, ಹಳೆಯ ಫ್ರೆಂಚಿನ ಮೂಲಕ ಬಂದ ಈ ಪದದ ಮೂಲಾರ್ಥವೂ ‘ಬ್ರೇಕ್‌ಫಾಸ್ಟ್’ ಎಂಬುದರ ಅರ್ಥವೂ ಒಂದೇ: ಉಪವಾಸ ಮುರಿಯುವುದು.

ಹೆಜ್ಜೆ 2: ಬಾಯಿಯೊಳಗೆ ಏನು ನಡೆಯುತ್ತಿದೆ ಎಂದು ನೋಡಿ

ಪದಾರ್ಥದ ಮಾತು ಎಂದು ನಿರ್ಧಾರವಾದ ಮೇಲೆ ಹಲ್ಲು, ನಾಲಿಗೆ, ಗಂಟಲು ಇವುಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಈ ಹೆಜ್ಜೆಯಲ್ಲಿ ಆತುರ ಪಡಬಾರದು, ಏಕೆಂದರೆ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ.

ಚಕ್ಕುಲಿಯನ್ನೇ ತೆಗೆದುಕೊಳ್ಳಿ. ಅದನ್ನು ಮೊದಲು ಕಚ್ಚುವುದು ‘ಬೈಟ್’. ಕಚ್ಚಿದಾಗ ಎದುರು ಕುಳಿತವರಿಗೂ ಕೇಳುವ ‘ಕುರುಂ’ ಎಂಬ ಸದ್ದು ‘ಕ್ರಂಚ್’. ಆಮೇಲೆ ಬಾಯಿ ಒಂದೇ ಲಯದಲ್ಲಿ ಸಣ್ಣ ಸದ್ದಿನೊಡನೆ, ಸಂತೋಷವಾಗಿ ಆಡುತ್ತಿರುವುದು ‘ಮಂಚ್’. ಸದ್ದನ್ನೂ ಸಂತೋಷವನ್ನೂ ತೆಗೆದುಬಿಟ್ಟರೆ ಉಳಿಯುವುದು ‘ಚ್ಯೂ’, ಅಂದರೆ ಬರಿಯ ಅಗಿಯುವುದು. ‘ಕ್ರಂಚ್’ ಆಗಬೇಕಾದರೆ ಪದಾರ್ಥ ಗರಿಗರಿಯಾಗಿಯೋ ಗಟ್ಟಿಯಾಗಿಯೋ ಇರಬೇಕು. ಮೆತ್ತಗಾದ ಚಕ್ಕುಲಿಯನ್ನು ಯಾರೂ ‘ಕ್ರಂಚ್’ ಮಾಡಲಾರರು. ಅಂಚಿನಿಂದ ಚೂರುಚೂರೇ, ಮುಂದಿನ ಹಲ್ಲಿನಿಂದ ಕಡಿದುಕೊಂಡರೆ ಅದು ‘ನಿಬಲ್’, ಇಲಿ ರೊಟ್ಟಿಯ ಅಂಚನ್ನು ಸವೆಸುವಂತೆ. ಗಟ್ಟಿ ವಸ್ತುವನ್ನು ಬಿಡದೆ ಕಡಿಯುತ್ತಲೇ ಇದ್ದರೆ ‘ನಾ’ (ಬರವಣಿಗೆಯಲ್ಲಿರುವ ಮೊದಲ ಅಕ್ಷರ ಉಚ್ಚಾರಣೆಗೆ ಬರುವುದಿಲ್ಲ). ನಾಯಿ ಮೂಳೆಗೆ ಮಾಡುವುದು ಇದನ್ನೇ. ಎಲೆಅಡಿಕೆಗೂ ಕಬ್ಬಿಗೂ ‘ಚ್ಯೂ’ ಸರಿ, ಮಾವಿನ ಓಟೆಯನ್ನು ಚೀಪುವುದಕ್ಕೆ ‘ಸಕ್’ ಸರಿ.

ಇನ್ನು ರಾಗಿಮುದ್ದೆ. ಹಳೆಯ ಮೈಸೂರು ಸೀಮೆಯ ಈ ಊಟವನ್ನು ಇಂಗ್ಲಿಷಿನಲ್ಲಿ ವರ್ಣಿಸಲು ಹೊರಟವರಲ್ಲಿ ಹಲವರು ಎಡವುವುದನ್ನು ನೋಡಿದ್ದೇನೆ. ಮುದ್ದೆಯನ್ನು ಬೆರಳಿನಿಂದ ಮುರಿದು, ಉಂಡೆ ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗುತ್ತಾರೆ. ಇದಕ್ಕೆ ‘ಗಲ್ಪ್’ ಎಂದರೆ ಗಾಬರಿಯಿಂದಲೋ ಅವಸರದಿಂದಲೋ ದೊಡ್ಡ ಗುಟುಕನ್ನು ಇಳಿಸಿದಂತಾಗುತ್ತದೆ. ‘ಬೋಲ್ಟ್’ ಎಂಬ ಪದ ಇನ್ನೂ ಮೋಸದ್ದು: ಅಗಿಯದೆ ನುಂಗುವುದು ಎಂಬ ಅರ್ಥ ಅದರಲ್ಲಿದೆ, ಆದರೆ ‘ಬಸ್ಸು ತಪ್ಪೀತು’ ಎಂಬ ಧಾವಂತವೂ, ‘ಹಾಗೆ ತಿನ್ನಬಾರದು’ ಎಂಬ ಗದರಿಕೆಯೂ ಅದರೊಡನೆ ಬರುತ್ತದೆ. ಮುದ್ದೆ ಉಣ್ಣುವವರಲ್ಲಿ ಧಾವಂತವಿಲ್ಲ, ಅಗಿಯದಿರುವುದೇ ಅದರ ಕ್ರಮ. ‘ಸ್ವಾಲೋ’ ಹತ್ತಿರದ ಪದವಾದರೂ ಒಂಟಿಯಾಗಿ ನಿಲ್ಲಿಸಿದರೆ ಓದುಗರಿಗೆ ಮಾತ್ರೆಯೋ ಬಾಯಿಗೆ ಹೋದ ನೊಣವೋ ನೆನಪಾಗುತ್ತದೆ. ಆದ್ದರಿಂದ ‘ಸ್ವಾಲೋ ವಿದೌಟ್ ಚ್ಯೂಯಿಂಗ್’ ಎಂದು ಬಿಡಿಸಿ ಹೇಳಬೇಕು. ಒಂದೇ ಪದಕ್ಕೆ ಹಟ ಹಿಡಿದರೆ ಮುದ್ದೆಗೆ ಅನ್ಯಾಯವಾಗುತ್ತದೆ.

ದ್ರವದ ವಿಷಯದಲ್ಲಿ ಮೂರು ಪದ ಸಾಕು. ಬಿಸಿ ಕಾಫಿಯನ್ನು ತುಟಿಗಿಟ್ಟು ಗುಟುಕು ಗುಟುಕಾಗಿ ಕುಡಿಯುವುದು ‘ಸಿಪ್’, ಸೊರ್ ಎಂದು ಸದ್ದು ಮಾಡಿ ಹೀರುವುದು ‘ಸ್ಲರ್ಪ್’, ಬೆಕ್ಕು ನಾಲಿಗೆಯಿಂದ ಹಾಲು ಕುಡಿಯುವುದು ‘ಲ್ಯಾಪ್’. ಸೂಪಿನ ಸಂಗತಿ ವಿಚಿತ್ರವಾದದ್ದು: ಬಟ್ಟಲಿನಿಂದ ಚಮಚದಲ್ಲಿ ತೆಗೆದುಕೊಂಡರೆ ಇಂಗ್ಲಿಷಿನಲ್ಲಿ ಸೂಪನ್ನು ‘ಈಟ್’ ಮಾಡುತ್ತಾರೆ, ಲೋಟದಿಂದ ಕುಡಿದರೆ ‘ಡ್ರಿಂಕ್’ ಮಾಡುತ್ತಾರೆ. ಅನುಮಾನವಿದ್ದರೆ ‘ಹ್ಯಾವ್’ ಬಳಸಿ ಪಾರಾಗಬಹುದು.

ಹೆಜ್ಜೆ 3: ವೇಗ, ಪ್ರಮಾಣ ಮತ್ತು ಬರೆಯುವವರ ಮನಸ್ಸು

ಬೇಗ ತಿನ್ನುವುದಕ್ಕೂ ಬಹಳ ತಿನ್ನುವುದಕ್ಕೂ ಬೇರೆ ಬೇರೆ ಪದಗಳಿವೆ. ‘ಗಾಬಲ್’, ‘ವುಲ್ಫ್ ಡೌನ್’, ‘ಬೋಲ್ಟ್’ ಇವು ವೇಗದವು. ‘ಗಾಬಲ್’ನಲ್ಲಿ ಸ್ವಲ್ಪ ಅಸಭ್ಯತೆಯ ಸದ್ದಿದೆ, ಟರ್ಕಿ ಕೋಳಿಯ ಕೂಗಿಗೂ ಇದೇ ಪದ. ‘ವುಲ್ಫ್ ಡೌನ್’ ಎಂದರೆ ತೋಳದ ಹಸಿವು, ಅದರಲ್ಲಿ ಬೈಗುಳಕ್ಕಿಂತ ಕನಿಕರವೋ ನಗುವೋ ಹೆಚ್ಚು. ಕ್ರಿಕೆಟ್ ಆಡಿ ಬಂದ ಹುಡುಗನಿಗೆ ಇದನ್ನು ಧಾರಾಳವಾಗಿ ಬಳಸಬಹುದು. ‘ಗಾರ್ಜ್’, ‘ಸ್ಟಫ್’, ‘ಬಿಂಜ್’ ಇವು ಪ್ರಮಾಣದವು. ‘ಗಾರ್ಜ್’ ಎಂಬುದು ಫ್ರೆಂಚಿನಲ್ಲಿ ಗಂಟಲಿಗೆ ಇರುವ ಹೆಸರು. ಗಂಟಲಿನವರೆಗೆ ತುಂಬಿಕೊಳ್ಳುವುದೆಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ‘ಬಿಂಜ್’ ಎಂದರೆ ಒಂದೇ ಸಲಕ್ಕೆ, ಹಿಡಿತ ತಪ್ಪಿ ತಿನ್ನುವುದು. ಧಾರಾವಾಹಿಗಳನ್ನು ಒಂದೇ ಸಮನೆ ನೋಡುವುದಕ್ಕೂ ಅದು ಅಂಟಿಕೊಂಡಿತು, ‘ಬಿಂಜ್ ವಾಚ್’ ಎಂಬುದನ್ನು ಕಾಲಿನ್ಸ್ ನಿಘಂಟು 2015ರ ವರ್ಷದ ಪದವೆಂದು ಆರಿಸಿತು.

‘ಡಿವೌರ್’ ಎರಡೂ ಗುಂಪಿಗೆ ಸೇರಿದ್ದು: ಹಸಿವಿನ ಆವೇಶದಿಂದ ಏನನ್ನೂ ಉಳಿಸದೆ ಕಬಳಿಸುವುದು. ಹುಲಿ ಜಿಂಕೆಯನ್ನು, ಬೆಂಕಿ ಕಾಡನ್ನು, ಓದುಗರು ಕಾದಂಬರಿಯನ್ನು ‘ಡಿವೌರ್’ ಮಾಡಬಹುದು. ಆದರೆ ‘ಹೋಳಿಗೆಯನ್ನು ಸವಿಯಿರಿ’ ಎಂಬಲ್ಲಿ ಈ ಪದ ಬಂದರೆ ಅತಿಥಿಗಳಿಗೆ ಉಗುರು ಬೆಳೆದಂತಾಗುತ್ತದೆ. ಸವಿಯುವುದಕ್ಕೆ ಬೇಕಾದದ್ದು ‘ಸೇವರ್’, ಅಂದರೆ ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ನಿಧಾನವಾಗಿ ಆಸ್ವಾದಿಸುವುದು. ‘ಟೇಸ್ಟ್’ ಎಂದರೆ ಬರೀ ರುಚಿ ನೋಡುವುದು, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅಂಗೈ ಮೇಲೆ ಒಂದು ಹನಿ ಹಾಕಿಕೊಂಡಂತೆ. ‘ರೆಲಿಶ್’ ಎಂದರೆ ಚಪ್ಪರಿಸುವುದು, ಇಷ್ಟಪಟ್ಟು ಅನುಭವಿಸುವುದು. ನಂಜಿಕೊಳ್ಳುವ ಉಪ್ಪಿನಕಾಯಿಯಂಥ ವ್ಯಂಜನಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು.

ನನ್ನನ್ನು ಕಾಡಿದ ‘ಕನ್ಸ್ಯೂಮ್’ ಪದಕ್ಕೆ ಇಲ್ಲಿಯೇ ಜಾಗ ತೋರಿಸುತ್ತೇನೆ. ಅದು ಲೆಕ್ಕದ ಪದ: ಇಷ್ಟು ಯೂನಿಟ್ ವಿದ್ಯುತ್, ಇಷ್ಟು ಕ್ಯಾಲೊರಿ, ಇಷ್ಟು ಮದ್ಯ ಎಂದು ಎಣಿಸುವಾಗ ಸರಿ, ಎದುರಿಗಿರುವ ಮನುಷ್ಯನಿಗೆ ಸರಿಯಲ್ಲ. ಮುಗಿಸಿಬಿಡುವುದು, ಸವೆಸಿಬಿಡುವುದು ಎಂಬ ಭಾವ ಅದರ ಬುಡದಲ್ಲಿದೆ; ಮೈಯನ್ನು ಸವೆಸುವ ಕಾಯಿಲೆಗೆ ಹಿಂದೆ ಇಂಗ್ಲಿಷಿನಲ್ಲಿ ‘ಕನ್ಸಂಪ್ಶನ್’ ಎನ್ನುತ್ತಿದ್ದರು, ನಾವು ಅದೇ ಕಾಯಿಲೆಗೆ ಅದೇ ಅರ್ಥದ ‘ಕ್ಷಯ’ ಎಂಬ ಹೆಸರಿಟ್ಟಿದ್ದೇವೆ. ‘ಇಂಜೆಸ್ಟ್’ ಆಸ್ಪತ್ರೆಯ ಪದ; ಮಗು ಸೀಮೆಎಣ್ಣೆ ಕುಡಿದಿದೆಯೇ, ನಾಣ್ಯ ನುಂಗಿದೆಯೇ ಎಂದು ವರದಿ ಬರೆಯುವಾಗ ಬರುತ್ತದೆ.

ಹೆಜ್ಜೆ 4: ತಿನ್ನುತ್ತಿರುವುದು ಯಾರು?

ಜರ್ಮನ್ ಭಾಷೆಯಲ್ಲಿ ಮನುಷ್ಯರು ತಿಂದರೆ ‘ಎಸ್ಸೆನ್’, ಪ್ರಾಣಿಗಳು ತಿಂದರೆ ‘ಫ್ರೆಸ್ಸೆನ್’. ಎರಡನೆಯದರ ಅಣ್ಣತಮ್ಮ ಇಂಗ್ಲಿಷಿನಲ್ಲಿಯೂ ಇತ್ತು, ‘ಫ್ರೆಟ್’ ಎಂಬ ರೂಪದಲ್ಲಿ. ಕಬಳಿಸು ಎಂಬ ಅದರ ಹಳೆಯ ಅರ್ಥ ಹೋಗಿ, ಇಂದು ಒಳಗೊಳಗೇ ಕೊರಗುವುದು ಎಂಬ ಅರ್ಥ ಉಳಿದಿದೆ. ಹಾಗಾಗಿ ‘ಈಟ್’ ಇಬ್ಬರಿಗೂ ಸಲ್ಲುತ್ತದೆ, ಆದರೆ ಪ್ರಾಣಿಗಳಿಗೆ ವಿಶೇಷ ಪದಗಳೂ ಇವೆ.

ಕನ್ನಡದಲ್ಲಿ ಹಸುವೂ ಮೇಯುತ್ತದೆ, ಮೇಕೆಯೂ ಮೇಯುತ್ತದೆ. ಇಂಗ್ಲಿಷಿನಲ್ಲಿ ನೆಲದ ಹುಲ್ಲು ಮೇಯುವುದು ‘ಗ್ರೇಜ್’, ಗಿಡದ ಎಲೆ ಚಿಗುರುಗಳನ್ನು ಮೇಯುವುದು ‘ಬ್ರೌಸ್’. ಹಸು ‘ಗ್ರೇಜ್’ ಮಾಡಿದರೆ, ಮುಂಗಾಲನ್ನು ಬೇಲಿಯ ಮೇಲಿಟ್ಟು ಜಾಲಿಯ ಸೊಪ್ಪನ್ನು ಆರಿಸಿ ಕೀಳುವ ಮೇಕೆ ‘ಬ್ರೌಸ್’ ಮಾಡುತ್ತದೆ. ಪುಸ್ತಕದಂಗಡಿಯಲ್ಲಿ ಅಲ್ಲೊಂದು ಇಲ್ಲೊಂದು ಪುಟ ತಿರುವುವುದಕ್ಕೂ, ಕಂಪ್ಯೂಟರಿನ ‘ಬ್ರೌಸರ್’ಗೂ ಆ ಹೆಸರು ಬಂದದ್ದು ಈ ಮೇಕೆಯ ಅಭ್ಯಾಸದಿಂದಲೇ. ಮನುಷ್ಯರ ಬಗ್ಗೆ ‘ಚೆನ್ನಾಗಿ ಮೇಯ್ದು ಬಂದ’ ಎಂದರೆ ಕನ್ನಡದಲ್ಲಿ ಹೀಯಾಳಿಕೆ. ಇಂಗ್ಲಿಷಿನಲ್ಲಿ ದಿನವಿಡೀ ಸ್ವಲ್ಪಸ್ವಲ್ಪ ತಿನ್ನುತ್ತಿರುವವರನ್ನು ‘ಗ್ರೇಜ್’ ಮಾಡುತ್ತಾರೆ ಎಂದರೆ ಅಷ್ಟು ಕಹಿ ಇಲ್ಲ.

ಮೆಲುಕು ಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ರೂಮಿನೇಟ್’ ಎಂಬ ಪದವಿದೆ. ಈ ಮಾತು ಎರಡು ಭಾಷೆಗಳಲ್ಲೂ ಹಸುವಿನಿಂದ ಮನಸ್ಸಿಗೆ ದಾಟಿದೆ, ಆದರೆ ದಾಟಿದ ಮೇಲೆ ದಾರಿ ಬೇರೆಯಾಗಿದೆ. ನಾವು ಹಳೆಯ ಸವಿನೆನಪುಗಳನ್ನು ಮೆಲುಕು ಹಾಕುತ್ತೇವೆ. ಇಂಗ್ಲಿಷಿನ ‘ರೂಮಿನೇಟ್’ ಗಾಢವಾಗಿ ಯೋಚಿಸುವುದಕ್ಕೆ ಸಲ್ಲುತ್ತದೆ, ಮನೋವೈದ್ಯರ ಬಾಯಲ್ಲಂತೂ ಅದು ಒಂದೇ ದುಗುಡದ ಸುತ್ತ ಮನಸ್ಸು ಗಾಣ ತಿರುಗುವ ತೊಂದರೆಯ ಹೆಸರು. ಶಾಲಾದಿನಗಳನ್ನು ಮೆಲುಕು ಹಾಕಿದವರ ಬಗ್ಗೆ ಆ ಪದ ಬಳಸಿದರೆ, ಶಾಲೆಯಲ್ಲಿ ಅವರಿಗೆ ಏನೋ ಕೆಟ್ಟದ್ದು ನಡೆದಿರಬೇಕೆಂದು ಓದುಗರು ಊಹಿಸಿಯಾರು.

‘ಸಸ್ಯಾಹಾರಿ’ ಎಂಬ ಒಂದೇ ಪದವನ್ನು ನಾವು ಆನೆಗೂ ಅತ್ತೆಗೂ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಆನೆ ‘ಹರ್ಬಿವೋರ್’, ಅತ್ತೆ ‘ವೆಜಿಟೇರಿಯನ್’. ಅದಲುಬದಲಾದರೆ ಮನೆಯಲ್ಲಿ ಮಾತು ಬಿಡಬಹುದು. ಮೊದಲನೆಯದು ದೇಹದ ಸ್ವಭಾವ, ಎರಡನೆಯದು ಆಯ್ಕೆಯೋ ಆಚಾರವೋ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ವೆಜಿಟೇರಿಯನ್ ಸೊಸೈಟಿ ಸ್ಥಾಪನೆಯಾದದ್ದು 1847ರಲ್ಲಿ. ಹಾಲು ಮೊಸರನ್ನೂ ಬಿಟ್ಟವರಿಗಾಗಿ ‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ.

‘ಫೀಡ್’ ಎಂದರೆ ಉಣಿಸುವುದು. ಮಗುವಿಗೆ, ರೋಗಿಗೆ, ದನಕ್ಕೆ ಅದು ಸರಿ. ನೂರು ಜನರಿಗೆ ಊಟ ಹಾಕಿದರು ಎಂಬುದಕ್ಕೂ ಸರಿ. ಆದರೆ ಎಲೆಯ ಮುಂದೆ ಕುಳಿತ ಬೀಗರಿಗೆ ಬಡಿಸುವುದು ‘ಸರ್ವ್’. ಬಡಿಸುವಲ್ಲಿ ‘ಫೀಡ್’ ಬರೆದರೆ ಬೀಗರ ಬಾಯಿಗೆ ತುತ್ತಿಟ್ಟಂತಾಗುತ್ತದೆ.

ಹೆಜ್ಜೆ 5: ಪದದ ಹಿಂದೆ ಮುಂದೆ ಏನು ಬರುತ್ತದೆಂದು ಪರೀಕ್ಷಿಸಿ

‘ಡೈನ್’ ನೇರವಾಗಿ ಕರ್ಮವನ್ನು ತೆಗೆದುಕೊಳ್ಳುವುದಿಲ್ಲ. ‘ಡೈನ್ಡ್ ರೈಸ್’ ಎಂಬುದಿಲ್ಲ, ನಡುವೆ ‘ಆನ್’ ಬೇಕು. ‘ಫೀಸ್ಟ್’, ‘ಸ್ನ್ಯಾಕ್’ ಇವೂ ಹಾಗೆಯೇ. ಕೆಲವೆಡೆ ಈ ಚಿಕ್ಕ ಪದ ಅರ್ಥವನ್ನೇ ತಿರುಗಿಸುತ್ತದೆ: ಬಿಸ್ಕತ್ತನ್ನು ‘ನಿಬಲ್’ ಮಾಡಿದರು ಎಂದರೆ ಚೂರುಚೂರೇ ತಿಂದರು, ‘ನಿಬಲ್ ಅಟ್’ ಮಾಡಿದರು ಎಂದರೆ ಮನಸ್ಸಿಲ್ಲದೆ ಅಂಚು ಕಚ್ಚಿ ಬಿಟ್ಟರು. ಅನ್ನವನ್ನು ಬೆರಳಿನಿಂದ ಕೆದಕುತ್ತ ಕೂತವರಿಗೆ ‘ಪಿಕ್ ಅಟ್’ ಎಂಬ ಹೇಳಿ ಮಾಡಿಸಿದ ಪದವಿದೆ. ಇದಕ್ಕೆ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಅದರಲ್ಲಿ ಉದಾಹರಣೆ ವಾಕ್ಯಗಳೂ, ಪದ ಔಪಚಾರಿಕವೋ ಆಡುಮಾತಿನದೋ ಎಂಬ ಸೂಚನೆಯೂ ಇರುತ್ತವೆ.

ವಿಶೇಷಣಗಳಲ್ಲಿ ‘ಎಡಿಬಲ್’ ಎಂದರೆ ತಿಂದರೆ ಅಪಾಯವಿಲ್ಲದ್ದು, ‘ಈಟಬಲ್’ ಎಂದರೆ ರುಚಿಯಲ್ಲಿ ಹೇಗೋ ತಿನ್ನಬಹುದಾದದ್ದು. ಕಾಡಿನ ಅಣಬೆಗೆ ಮೊದಲನೆಯ ಪ್ರಶ್ನೆ, ಹಾಸ್ಟೆಲಿನ ಉಪ್ಪಿಟ್ಟಿಗೆ ಎರಡನೆಯದು. ಎರಡಕ್ಕೂ ಮೂಲ ಒಂದೇ, ಅಷ್ಟೇ ಅಲ್ಲ, ಸಂಸ್ಕೃತದ ‘ಅದ್’ ಧಾತುವೂ ಅದೇ ಬಳಗದ್ದು. ಆ ಧಾತುವಿನಿಂದ ಬಂದ ನಮ್ಮ ‘ಅನ್ನ’ ಹಾಗೆ ನೋಡಿದರೆ ‘ಈಟ್’ ಪದದ ದೂರದ ನೆಂಟ.

ಹೆಜ್ಜೆ 6: ನಿಜವಾಗಿ ಯಾರಾದರೂ ತಿಂದಿದ್ದಾರೆಯೇ?

ಕನ್ನಡದಲ್ಲಿ ಲಂಚ, ಏಟು, ಬೈಗುಳ, ತಲೆ ಎಲ್ಲವನ್ನೂ ತಿನ್ನುತ್ತೇವೆ. ಇಂಗ್ಲಿಷಿನಲ್ಲಿ ಲಂಚಕ್ಕೆ ‘ಟೇಕ್’ ಬೇಕು, ತಲೆ ತಿನ್ನುವುದಕ್ಕೆ ‘ಪೆಸ್ಟರ್’ ಬೇಕು, ಸೊಸೈಟಿಯ ಹಣ ನುಂಗುವುದಕ್ಕೆ ‘ಎಂಬೆಝಲ್’ ಬೇಕು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬಲ್ಲಿ ಅವರು ಉಣ್ಣುವುದಿಲ್ಲ, ಬಿತ್ತಿದ್ದನ್ನು ಕೊಯ್ಯುತ್ತಾರೆ. ಕೆಲವು ಮಾತ್ರ ಎರಡೂ ಕಡೆ ಹೊಂದುತ್ತವೆ: ತುಕ್ಕು ಕಬ್ಬಿಣವನ್ನು ತಿನ್ನುವುದು ಅವರಿಗೂ ‘ಈಟ್ ಅವೇ’. ಅತ್ಯಂತ ಜಾರುವ ಜಾಗವೆಂದರೆ ‘ಮಾತು ನುಂಗಿಕೊಂಡರು’ ಎಂಬುದು. ಹೇಳಬೇಕೆಂದದ್ದನ್ನು ಹೇಳದೆ ತಡೆದರು ಎಂಬ ಈ ಅರ್ಥಕ್ಕೆ ‘ಈಟ್ ಒನ್ಸ್ ವರ್ಡ್ಸ್’ ಎಂದು ಬರೆದರೆ, ಹಿಂದೆ ಹೇಳಿದ್ದು ತಪ್ಪೆಂದು ಒಪ್ಪಿಕೊಂಡರು ಎಂಬ ಬೇರೆಯದೇ ಸುದ್ದಿ ಹೊರಡುತ್ತದೆ.

ಒಂದು ಅಭ್ಯಾಸ

ಈ ವಾಕ್ಯವನ್ನು ತೆಗೆದುಕೊಳ್ಳೋಣ: ‘ಮದುವೆಮನೆಯಿಂದ ಬಂದ ಚಿರೋಟಿಗೆ ಬಾದಾಮಿ ಹಾಲು ಹಾಕಿಕೊಟ್ಟಾಗ ಮೊಮ್ಮಗ ಮೂರು ತುತ್ತಿಗೆ ಮುಗಿಸಿದ, ಜ್ವರದಿಂದ ಎದ್ದಿದ್ದ ಸೊಸೆ ಕೆದಕಿ ಬಿಟ್ಟಳು, ಬಟ್ಟಲಿನಲ್ಲಿ ಉಳಿದ ಹಾಲನ್ನು ಬೆಕ್ಕು ಕುಡಿಯಿತು, ಅಜ್ಜಿ ಮಾತ್ರ ಸ್ವಲ್ಪಸ್ವಲ್ಪವೇ ತಿಂದರು.’

ಮೊಮ್ಮಗನಿಗೆ ‘ವುಲ್ಫ್ ಡೌನ್’, ಸೊಸೆಗೆ ‘ಪಿಕ್ ಅಟ್’, ಬೆಕ್ಕಿಗೆ ‘ಲ್ಯಾಪ್ ಅಪ್’ ಎಂದು ಬರೆಯಲು ಹೆಚ್ಚು ಯೋಚನೆ ಬೇಡ. ಅಜ್ಜಿಯ ಸಂಗತಿಯಲ್ಲಿ ಕೈ ತಾನಾಗಿ ‘ನಿಬಲ್’ ಕಡೆಗೆ ಹೋಗುತ್ತದೆ. ಆದರೆ ಹಾಲಿನಲ್ಲಿ ನೆನೆದ ಚಿರೋಟಿಯಲ್ಲಿ ಕಡಿಯುವುದಕ್ಕೆ ಏನೂ ಉಳಿದಿರುವುದಿಲ್ಲ, ಅಜ್ಜಿಗೆ ಮುಂದಿನ ಹಲ್ಲುಗಳು ಉಳಿದಿವೆಯೋ ಎಂಬುದನ್ನೂ ವಾಕ್ಯ ಹೇಳುವುದಿಲ್ಲ. ಅವರು ಸವಿಯುತ್ತಿದ್ದರೆಂದು ಹಿಂದಿನ ಪುಟದಲ್ಲಿ ಸೂಚನೆಯಿದ್ದರೆ ‘ಸೇವರ್’ ಬರೆಯಬಹುದು. ಇಲ್ಲದಿದ್ದರೆ ‘ಈಟ್’ ಎಂದೇ ಬರೆದು, ಪಕ್ಕದಲ್ಲಿ ‘ಎ ಲಿಟಲ್ ಅಟ್ ಎ ಟೈಮ್’ ಎಂದು ಸೇರಿಸಿ, ಅಜ್ಜಿಯನ್ನು ಅವರ ಪಾಡಿಗೆ ತಿನ್ನಲು ಬಿಡುವುದು ವಾಸಿ.